ಬುಧವಾರದ ಸಾಲಿನಲ್ಲಿ ಬರೆದ ಮಳೆ

ನನ್ನ ಬಲಗೈ ಮಣಿಕಟ್ಟು ಇವತ್ತಿಗೂ ಪೂರ್ತಿ ತಿರುಗುವುದಿಲ್ಲ. ಬಾಗಿಲ ಚಿಲಕ ತೆಗೆಯುವಾಗ, ರಾಗಿ ಹಿಟ್ಟು ತೊಳಸುವಾಗ ಒಂದು ಕಡೆ ಹೋಗಿ ನಿಂತುಬಿಡುತ್ತದೆ. ಅದನ್ನು ಮುರಿದವರು ಬರದಿಂದ ತಲೆಕೆಟ್ಟವರೇ ಹೊರತು ಸ್ವಭಾವದಿಂದ ಕೆಟ್ಟವರಲ್ಲ ಎಂದು ಆಗ ಬಹಳ ಜನ ಸಮಾಧಾನ ಹೇಳಿದರು. ನಾನು ಒಪ್ಪಲಿಲ್ಲ. ಗುದ್ದಲಿಯ ಕಾವು ಎತ್ತಿ ಹೊಡೆದವನಿಗೆ ಹಾವು ಕಚ್ಚಿದ್ದಾಗ ಚುಚ್ಚುಮದ್ದು ಕೊಟ್ಟವಳು ನಾನೇ. ಅವನಿಗೆ ನನ್ನ ಮುಖ ಚೆನ್ನಾಗಿ ಗೊತ್ತಿತ್ತು.

ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಾಡಿಗೆ ಹತ್ತಿರದ ಒಂದು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಹದಿನಾಲ್ಕು ವರ್ಷ ನರ್ಸಾಗಿದ್ದೆ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನ ನಾನು, ಒಬ್ಬ ಆಯಾ. ಅದಕ್ಕೂ ಮೊದಲು, ಕಲಿಯುವಾಗ, ಮೈಸೂರಿನ ನರ್ಸಿಂಗ್ ಹಾಸ್ಟೆಲಿನಲ್ಲಿ ಐದಕ್ಕೆ ಏಳಬೇಕಿತ್ತು, ಐದೂವರೆಗೆ ಸ್ನಾನ ಮುಗಿಸಬೇಕು, ಆರಕ್ಕೆ ವಾರ್ಡಿನಲ್ಲಿ ಮೊದಲ ರೋಗಿಯ ಜ್ವರ ನೋಡಿ ಚಾರ್ಟಿನಲ್ಲಿ ಚುಕ್ಕೆ ಇಟ್ಟಿರಬೇಕು. ಆಗ ಇಡದೆ ಆಮೇಲೆ ನೆನಪಿನಿಂದ ಇಟ್ಟವರನ್ನು ಮೇಟ್ರನ್ ಎಲ್ಲರೆದುರು ನಿಲ್ಲಿಸುತ್ತಿದ್ದರು. ಆ ಅಭ್ಯಾಸ ನನ್ನನ್ನು ಬಿಡಲಿಲ್ಲ. ಬಿಡಲಿ ಎಂದು ನನಗೆ ಅನಿಸಲೂ ಇಲ್ಲ.

ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ, ಮುಳ್ಳುತಂತಿಯ ಬೇಲಿಯೊಳಗೆ ಒಂದು ಮಳೆಮಾಪಕವಿತ್ತು. ಊರವರು ಅದನ್ನು ಮಳೆ ಡಬ್ಬ ಎನ್ನುತ್ತಿದ್ದರು. ಮೇಲೆ ಹಿತ್ತಾಳೆ ಅಂಚಿನ ಆಲಿಕೆ, ಒಳಗೆ ನೀರು ಸೇರುವ ಬಾಟಲಿ, ಅಳೆಯಲು, ಒಂದು ಮಿಲಿಮೀಟರ್ ಮಳೆ ಒಂದು ಬೆರಳಷ್ಟು ಎತ್ತರ ನಿಲ್ಲುವಂತೆ ಗೆರೆ ಕೊರೆದ ಉದ್ದನೆಯ ಸಪೂರ ಗಾಜು. ಮೊದಲಿದ್ದ ಕಾಂಪೌಂಡರ್ ವರ್ಗವಾದ ಮೇಲೆ ಆ ಕೆಲಸ ನನಗೆ ಬಂತು. ಬೆಳಿಗ್ಗೆ ಸರಿಯಾಗಿ ಎಂಟೂವರೆಗೆ ಬಾಟಲಿಯ ನೀರನ್ನು ಗಾಜಿಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಿ, ಆ ದಿನದ ಸಾಲಿನಲ್ಲಿ ಬರೆಯಬೇಕು. ಮಳೆ ಇಲ್ಲದಿದ್ದರೆ ಸೊನ್ನೆ. ತಿಂಗಳ ಕೊನೆಗೆ ಒಂದು ಪ್ರತಿ ತಾಲ್ಲೂಕು ಕಚೇರಿಗೆ. ನಾನು ಸೇರಿದ ಮೇಲೆ ಆ ಪುಸ್ತಕದಲ್ಲಿ ಒಂದು ಸಾಲೂ ಖಾಲಿ ಉಳಿದಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಅಂಕಿಅಂಶದ ಕಚೇರಿಯಿಂದ ಒಬ್ಬ ಅಧಿಕಾರಿ ನಮ್ಮ ಹಳೆಯ ಪುಸ್ತಕಗಳನ್ನು ನಕಲು ಮಾಡಿಕೊಳ್ಳಲು ಬಂದರು. ಇಂಥ ಪುಸ್ತಕಗಳ ಅಂಕಿಗಳು ಎಲ್ಲ ದೇಶಗಳಿಂದಲೂ ಒಂದು ಕಡೆ ಸೇರುತ್ತವೆ ಎಂದು ಹೇಳಿ ಚೀಲದಿಂದ ಒಂದು ಬಣ್ಣದ ಹಾಳೆ ತೆಗೆದರು. ಅದು ಪ್ರಪಂಚದ ಬರದ ನಕ್ಷೆ. ಆಫ್ರಿಕಾದ ನಡುವೆ ಕೆಂಪು ಮಚ್ಚೆಗಳು, ಆಸ್ಟ್ರೇಲಿಯಾದ ಒಂದು ಅಂಚು ಕಿತ್ತಳೆ. ಮರಳುಗಾಡಿಗೆ ಮಾತ್ರ ಬಣ್ಣವೇ ಇರಲಿಲ್ಲ. ಯಾಕೆಂದು ಕೇಳಿದೆ.

"ಅಲ್ಲಿ ಯಾವಾಗಲೂ ಮಳೆ ಇಲ್ಲ, ಸಿಸ್ಟರ್. ಅದು ಆ ನೆಲದ ಆರೋಗ್ಯ. ಬರ ಅಂದ್ರೆ ಜ್ವರ ಇದ್ದ ಹಾಗೆ. ಆ ಜಾಗಕ್ಕೆ ಆ ತಿಂಗಳಲ್ಲಿ ಎಷ್ಟು ವರ್ಷದಿಂದ ಎಷ್ಟು ಬರ್ತಾ ಇತ್ತು, ಈಗ ಅದಕ್ಕಿಂತ ಎಷ್ಟು ಕಮ್ಮಿ ಆಯ್ತು, ಅಷ್ಟೇ ನೋಡೋದು."

ಜ್ವರದ ಚಾರ್ಟು ಬರೆದು ಬೆಳೆದವಳಿಗೆ ಇದು ತಕ್ಷಣ ಹಿಡಿಸಿತು. ಅಂದಿನಿಂದ ನಾನೂ ಒಂದು ನಕ್ಷೆ ಶುರುಮಾಡಿದೆ. ಲಸಿಕೆಯ ಚಾರ್ಟಿನ ಬೆನ್ನ ಮೇಲೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳ ಗಡಿ ಬರೆದುಕೊಂಡೆ. ಚುಂಚನಕಟ್ಟೆ ಕಡೆಯದು, ಗುರುಪುರದ ಕಡೆಯದು, ಕಾಕನಕೋಟೆಯದು ಎಂದು ಪರಿಚಯದವರಿಂದ ಫೋನಿನಲ್ಲಿ ಮಳೆ ಕೇಳಿ ಪ್ರತಿ ತಿಂಗಳು ಪೆನ್ಸಿಲಿನಿಂದ ಬಣ್ಣ ಹಚ್ಚಿದೆ. ಸ್ವಲ್ಪ ಕೊರತೆಗೆ ಹಳದಿ, ಹೆಚ್ಚಿನದಕ್ಕೆ ಕಿತ್ತಳೆ, ತೀರಾ ಕೊರತೆಗೆ ಕೆಂಪು. ಮಕ್ಕಳಿಗೆ ಚುಚ್ಚುಮದ್ದು ಹಾಕುವ ಕೋಣೆಯ ಗೋಡೆಗೆ ಅದನ್ನು ಅಂಟಿಸಿದ್ದೆ. ಜನ ನೋಡಲಿ, ತಿಳಿದುಕೊಳ್ಳಲಿ ಎಂಬುದೇ ನನ್ನ ಉದ್ದೇಶ. ಅವರು ನೋಡಿದರು.

ಎರಡು ಸಾವಿರದ ನಂತರದ ಆ ಕೆಟ್ಟ ವರ್ಷಗಳಲ್ಲಿ ಒಂದು ವರ್ಷ ಜೂನ್ ಮಧ್ಯಕ್ಕೇ ಮಳೆ ನಿಂತಿತು. ಬಿತ್ತಿದ್ದ ಜೋಳ ಮೊಣಕಾಲುದ್ದ ಬಂದು ಸುರುಳಿ ಸುತ್ತಿಕೊಂಡಿತು. ಜುಲೈ ಮುಗಿಯುವ ಹೊತ್ತಿಗೆ ಜನ ಜನವನ್ನೇ ಕಚ್ಚುವಂತಾಗಿದ್ದರು. ಬೋರ್‌ವೆಲ್ಲಿನ ಮುಂದೆ ಕೊಡದಿಂದ ಹೊಡೆಸಿಕೊಂಡು ಕಿವಿ ಹರಿದ ಹೆಂಗಸರಿಗೆ ಹೊಲಿಗೆ ಹಾಕುವುದು ನನ್ನ ದಿನದ ಕೆಲಸವಾಯಿತು. ಒಬ್ಬ ಅಣ್ಣ ತಮ್ಮನ ತೊಡೆಗೆ ಕುಡುಗೋಲು ಹಾಕಿದ್ದ. ಕಾರಣ ಕೇಳಿದರೆ, ತಮ್ಮನ ಎಮ್ಮೆ ತೊಟ್ಟಿಯ ನೀರು ಕುಡಿದಿತ್ತು.

ಒಂದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಊರಿನ ಯಜಮಾನರು ಏಳೆಂಟು ಗಂಡಸರೊಂದಿಗೆ ಬಂದು ನಕ್ಷೆಯ ಮುಂದೆ ನಿಂತರು. ನ್ಯಾಯ ಹೇಳುವುದು, ದೇವರ ಕೆಲಸಕ್ಕೆ ದಿನ ಗೊತ್ತು ಮಾಡುವುದು ಎಲ್ಲ ಆ ಊರಿನಲ್ಲಿ ಅವರದೇ. ಅವರು ನಕ್ಷೆಯ ಮೇಲೆ ಬೆರಳಿಟ್ಟರು.

"ನರ್ಸಮ್ಮ, ಕೆ.ಆರ್. ನಗರಕ್ಕೆ ಅರಿಶಿನ ಬಳ್ದಿದ್ದೀರಿ. ಹುಣಸೂರಿಗೆ ಕಾವಿ. ನಮ್ಮೂರಿಗೆ ಮಾತ್ರ ಯಾಕ್ ಕೆಂಪು?"

"ಇಲ್ಲಿಗೆ ಬರಬೇಕಾಗಿದ್ದ ಮಳೆಯೇ ಹೆಚ್ಚು, ಯಜಮಾನ್ರೇ. ಅದಕ್ಕೇ ಕೊರತೆಯೂ ಹೆಚ್ಚು."

"ಅಂಗೇ? ಸರಿ. ಕೊನೇ ಮಳೆ ಯಾವತ್ತು ಉಯ್ದದ್ದು? ನಿಮ್ಮ ಪುಸ್ತಕದಾಗೆ ಇರ್ತದಲ್ಲ, ನೋಡಿ."

ನನಗೆ ಹೆಮ್ಮೆಯಾಯಿತು. ಅಷ್ಟು ವರ್ಷದಲ್ಲಿ ಯಾರೂ ಆ ಪುಸ್ತಕವನ್ನು ಕೇಳಿರಲಿಲ್ಲ. ತಂದು, ಬಿಚ್ಚಿ, ದನಿ ಎತ್ತಿ ಓದಿದೆ. ಜೂನ್ ತಿಂಗಳ ಆ ಬುಧವಾರ ಹನ್ನೊಂದು ಮಿಲಿಮೀಟರ್. ಗುರುವಾರ ಸೊನ್ನೆ. ಶುಕ್ರವಾರ ಸೊನ್ನೆ. ಅಲ್ಲಿಂದ ಇಲ್ಲಿಯ ತನಕ ಸೊನ್ನೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಾನೇಳಲಿಲ್ವೇನ್ಲಾ?" ಎಂದ ಒಬ್ಬ. ಎಲ್ಲರೂ ಮೆಟ್ಟಿಲಿಳಿದು ಹೋದರು.

ಆಯಾ ಕೈಯಲ್ಲಿದ್ದ ಬಕೆಟ್ಟನ್ನು ಅಲ್ಲೇ ಕೆಳಗಿಟ್ಟಳು. "ಯಾಕ್ ಓದುದ್ರಿ ಸಿಸ್ಟ್ರೇ? ಬುಧವಾರ ಯಾರ್ನ ಊತ್ರು, ಗೊತ್ತಿಲ್ವಾ ನಿಮ್ಗೆ?"

ಗೊತ್ತಿತ್ತು. ಅವತ್ತಿನ ತನಕ ಎರಡನ್ನೂ ಕೂಡಿಸಿ ನೋಡಿರಲಿಲ್ಲ, ಅಷ್ಟೆ. ಆ ಬುಧವಾರ ಸತ್ತವರು ಊರಿನ ಕೊನೆ ಮನೆಯ ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಅವರಿಗೆ ಮೈತುಂಬ ತೊನ್ನು. ಚರ್ಮದ ಬಣ್ಣ ಹೋಗುವುದು ಬಿಟ್ಟರೆ ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನಾನು ನೂರು ಸಲ ಹೇಳಿದ್ದೆ. ತೊನ್ನಿದ್ದವರನ್ನು ಹೂಳಬಾರದು, ಸುಡಬೇಕು; ಹೂತರೆ ಭೂಮಿ ಮಳೆಯನ್ನು ತಡೆಯುತ್ತದೆ ಎನ್ನುವುದು ಆ ಕಡೆಯ ನಂಬಿಕೆ. ಆದರೆ ಆಕೆಯ ಒಬ್ಬಳೇ ಮಗಳು ಹಟ ಹಿಡಿದು, ಸ್ವಂತ ಹೊಲದ ಮೂಲೆಯಲ್ಲಿ, ಹೊಂಗೆಮರದ ಕೆಳಗೆ ತಾಯಿಯನ್ನು ಹೂತಿದ್ದಳು. ಮಳೆ ಚೆನ್ನಾಗಿದ್ದ ದಿನಗಳು. ಯಾರೂ ಅಡ್ಡ ಬಂದಿರಲಿಲ್ಲ.

ಮಗಳು ಮಧ್ಯಾಹ್ನ ಓಡಿಕೊಂಡು ಬಂದಳು. ಮೂವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡನೂ ಅದೇ ಊರಲ್ಲಿ ಅವಳ ಜೊತೆಗೇ ಇದ್ದ. ಅವಳ ಕೆಳತುಟಿಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಆಗಲೇ ಮೂಡಿತ್ತು. ಊರಿನ ಕಣ್ಣು ಅದನ್ನೂ ಕಂಡಿತ್ತು.

"ನಮ್ಮವ್ವನ್ನ ಅಗೀತಾರಂತೆ, ನರ್ಸಮ್ಮ. ನಾಳೆಗೇ ಅಂತೆ. ನೀವೇ ದಿನ ಏಳಿದ್ರಂತೆ."

"ಪುಸ್ತಕದಲ್ಲಿದ್ದದ್ದು ಓದಿದೆ ಕಣಮ್ಮ."

"ಬದುಕಿದ್ದಾಗ ಒಂದಿನಾನೂ ನಮ್ಮವ್ವನ್ನ ಯಾರ್ ಜೊತೇಲೂ ಕೂರುಸ್ಲಿಲ್ಲ. ಮದ್ವೇಲಿ ಎಲೆ ಆಕ್ಲಿಲ್ಲ. ಅಲ್ಲಾದ್ರೂ ಮಲಗ್ಲಿ ಅಂತ ಮಲಗ್ಸಿದ್ದೀನಿ. ಎಬ್ಬಿಸ್ಬ್ಯಾಡ್ರಿ ಅಂತ ನೀವೇ ಅವ್ರಿಗೆ ಏಳಿ. ನಿಮ್ಮ ಮಾತ್ ಕೇಳ್ತಾರೆ."

ನಾನು ಅಂದೇ ಸಂಜೆ ನಕ್ಷೆಯನ್ನು ಗೋಡೆಯಿಂದ ಬಿಡಿಸಿಕೊಂಡು ಅರಳಿಕಟ್ಟೆಗೆ ಹೋದೆ. ಊರು ಸೇರಿತ್ತು. ಕಟ್ಟೆಯ ಮೇಲೆ ನಕ್ಷೆ ಹರಡಿ ಕಾಕನಕೋಟೆಯನ್ನು ತೋರಿಸಿದೆ. "ಇಲ್ಲೂ ಕೆಂಪೇ ಇದೆ, ನೋಡಿ. ಅದು ಕಾಡು. ಅಲ್ಲಿ ಯಾರನ್ನು ಹೂತಿದ್ದಾರೆ? ಪಿರಿಯಾಪಟ್ಟಣದ ಕಡೆ ಮಳೆ ನಿಂತದ್ದೂ ಇದೇ ವಾರ. ಗುರುಪುರದಲ್ಲೂ ಇದೇ ವಾರ. ಮಳೆ ಸಮುದ್ರದ ಮೇಲಿಂದ ಬರುವುದು, ನಿಮ್ಮ ಹೊಲದ ಮೂಲೆಯಿಂದಲ್ಲ."

"ಗಾಳಿ ಎಲ್ಲಾ ಕಡೆ ಆಡ್ತದಲ್ರಮ್ಮ," ಎಂದರು ಯಜಮಾನರು. "ನಮ್ಮೂರಿನ ಪಾಪ ಕಾಡಿಗೂ ತಟ್ಟೈತೆ."

ಹಿಂದಿನಿಂದ ಒಬ್ಬ ಕೂಗಿದ: "ನಾನು ನಿನ್ನೆ ತಾನೇ ಚುಂಚನಕಟ್ಟೆ ಬೀಗರ ಮನೆಯಿಂದ ಬಂದೆ. ಭತ್ತದ ಗದ್ದೆ ಗಿಣಿ ಹಸ್ರಾಗ್ ಕುಂತೈತೆ. ಅಲ್ಲೆಂಗ್ ಬಂತು ಮಳೆ?"

"ಅದು ನಾಲೆ ನೀರು. ಮಳೆ ಅಲ್ಲೂ ಕಮ್ಮಿಯೇ."

"ನೀರು ನೀರೇ ಕಣ್ರೀ. ಹಸ್ರು ಕಣ್ಣಿಗೆ ಕಂಡ್ಮೇಲೆ ನಿಮ್ಮ ಪೆನ್ಸಿಲ್ ಯಾಕೆ?"

ಜನ ನಕ್ಕರು. ಒಬ್ಬ ಹೆಂಗಸು, "ಇವ್ಳ ಕೈಯಾಗೂ ತೊನ್ನು ಬಂದೈತೇನೋ, ನೋಡ್ರೋ," ಎಂದಳು. ನಗು ಇನ್ನೂ ಜೋರಾಯಿತು. ಯಾರೋ ನಕ್ಷೆಯ ಮೇಲೆ ಎಲೆಯಡಿಕೆ ಉಗಿದರು. ಕೆಂಪು ಎಲ್ಲಿಯದು, ಉಗುಳು ಎಲ್ಲಿಯದು ತಿಳಿಯದಂತಾಯಿತು.

ಫೋನು ಕೆಟ್ಟಿದ್ದರಿಂದ ಮರುದಿನ ಬೆಳಿಗ್ಗೆ ಆರಕ್ಕೇ ಆಯಾಳನ್ನು ಮೊದಲ ಬಸ್ಸಿಗೆ ಹತ್ತಿಸಿ ಪೊಲೀಸರಿಗೆ ಹೇಳಲು ಕಳಿಸಿದೆ. ಎಂಟೂವರೆಗೆ ಮಾಪಕ ನೋಡಿದೆ. ಸೊನ್ನೆ. ಅದನ್ನು ಬರೆಯುತ್ತಿರುವಾಗ ತಟ್ಟನೆ ಹೊಳೆಯಿತು. ಎಂಟೂವರೆಗೆ ಬರೆಯುವುದು ಅವತ್ತಿನ ಮಳೆಯಲ್ಲ! ಹಿಂದಿನ ದಿನದ ಎಂಟೂವರೆಯಿಂದ ಅವತ್ತಿನ ಎಂಟೂವರೆಯ ತನಕ ಬಿದ್ದದ್ದು. ಬುಧವಾರದ ಸಾಲಿನಲ್ಲಿದ್ದ ಹನ್ನೊಂದು ಮಿಲಿಮೀಟರ್ ಮಂಗಳವಾರ ಮಧ್ಯಾಹ್ನದ್ದು. ಆ ಮಧ್ಯಾಹ್ನ ಆ ಹೆಂಗಸು ನಮ್ಮ ಆಸ್ಪತ್ರೆಯ ಜಗುಲಿಯ ಮೇಲೇ ಕುಳಿತಿದ್ದರು. ಎದೆನೋವೆಂದು ಬಂದಿದ್ದರು, ಕೋಟೆಯ ದೊಡ್ಡಾಸ್ಪತ್ರೆಗೆ ಹೋಗಿ ಎಂದರೆ ಬೇಡವೆಂದು ತಲೆ ಆಡಿಸಿ, ಮಳೆ ಬಿಡುವ ತನಕ ಕಾದು, ಸೆರಗು ತಲೆಗೆ ಹಾಕಿಕೊಂಡು ಮನೆಗೆ ಹೋದರು. ತೀರಿಕೊಂಡದ್ದು ಬುಧವಾರ ಬೆಳಕು ಹರಿಯುವಾಗ. ಬುಧವಾರ ಒಂದು ಹನಿಯೂ ಬೀಳಲಿಲ್ಲ. ಮಳೆ ನಿಂತದ್ದು ಆಕೆ ಬದುಕಿದ್ದಾಗಲೇ.

ಇಷ್ಟು ವರ್ಷ ದಿನವೂ ಬರೆದವಳು ಓದುವಾಗ ಇದನ್ನು ಹೇಳಲಿಲ್ಲ. ನನಗೆ ಅದು ಎಷ್ಟು ಸಹಜವಾಗಿತ್ತೆಂದರೆ ಬೇರೆಯವರಿಗೆ ಗೊತ್ತಿರುವುದಿಲ್ಲ ಎಂದೇ ತೋಚಿರಲಿಲ್ಲ. ಪುಸ್ತಕ ಎದೆಗವುಚಿಕೊಂಡು ಹೊಲದ ಕಡೆ ಓಡಿದೆ.

ನಾನು ಹೋಗುವಷ್ಟರಲ್ಲಿ ಮಗಳ ಗಂಡನನ್ನು ಹೊಂಗೆಮರಕ್ಕೆ ಎತ್ತಿನ ಹಗ್ಗದಿಂದ ಬಿಗಿದಿದ್ದರು. ಅವನ ಮೂಗಿನಿಂದ ಇಳಿದ ರಕ್ತ ಅಂಗಿಯ ಮೇಲೆ ಒಣಗುತ್ತಿತ್ತು. ಮಗಳು ಸಮಾಧಿಯ ಗುಡ್ಡೆಯ ಮೇಲೆ ಬೋರಲು ಬಿದ್ದು ಎರಡೂ ಕೈಯಿಂದ ಮಣ್ಣನ್ನು ತಬ್ಬಿದ್ದಳು. ನಾಲ್ಕು ಜನ ಹೆಂಗಸರು ಅವಳ ಕೂದಲು ಹಿಡಿದು ಎಳೆಯುತ್ತಿದ್ದರು. ಒಬ್ಬಳ ಬೆರಳನ್ನು ಅವಳು ಕಚ್ಚಿ ಹಿಡಿದಿದ್ದಳು; ಬಿಡಿಸಲು ಇನ್ನೊಬ್ಬಳು ಕಲ್ಲಿನಿಂದ ಅವಳ ದವಡೆಗೆ ಕುಟ್ಟಿದಳು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ನಾನು ಪುಸ್ತಕ ಬಿಚ್ಚಿ ಕೂಗಿದೆ. ಮಂಗಳವಾರ, ಎಂಟೂವರೆ, ಜಗುಲಿ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. "ಮಳೆ ನಿಂತಾಗ ಆಕೆ ಬದುಕಿದ್ದರು! ನಾನೇ ನೋಡಿದ್ದೇನೆ!"

ಒಂದು ಕ್ಷಣ ಗುದ್ದಲಿಗಳು ನಿಂತವು. ಎಲ್ಲರೂ ಯಜಮಾನರ ಕಡೆ ತಿರುಗಿದರು. ಅವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು.

"ಅಂಗಾದ್ರೆ, ಇವಳು ನಾಳೆ ಸಾಯ್ತಾಳೆ, ನೆಲಕ್ಕೆ ಬೀಳ್ತಾಳೆ ಅಂತ ಮಳೆಗೆ ಒಂದಿನ ಮುಂಚೇನೇ ಗೊತ್ತಾಗೈತೆ ಕಣ್ರಮ್ಮ."

ಗುದ್ದಲಿಗಳು ಮತ್ತೆ ಎದ್ದವು. ನಾನು ಗುಡ್ಡೆಯ ಮೇಲೆ ಹೋಗಿ ನಿಂತೆ. ಪುಸ್ತಕವನ್ನು ಯಾರೋ ಕಿತ್ತರು, ಬಿಡದೆ ಹಿಡಿದೆ. ಹಾವು ಕಚ್ಚಿಸಿಕೊಂಡಿದ್ದವನು ಗುದ್ದಲಿಯನ್ನು ತಿರುಗಿಸಿ ಕಾವಿನಿಂದ ನನ್ನ ಕೈಗೆ ಹೊಡೆದ. ಮೂಳೆ ಮುರಿದ ಸದ್ದು ನನಗೆ ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ನನ್ನನ್ನು ತೋಳು ಹಿಡಿದು ಎಳೆದು ಬದುವಿನ ಮೇಲೆ ಕೂರಿಸಿದರು. "ಕುಂತ್ಕಳಿ, ನಿಮ್ಗೇನೂ ಮಾಡಲ್ಲ," ಎಂದರು. ಅಷ್ಟರ ಮಟ್ಟಿಗೆ ಮರ್ಯಾದೆ ಇತ್ತು.

ಆಮೇಲಿನದು ಹೆಚ್ಚು ಹೊತ್ತಾಗಲಿಲ್ಲ. ಹೂತು ಒಂದೂವರೆ ತಿಂಗಳಾಗಿತ್ತು. ಬಟ್ಟೆಯ ಸಮೇತ ಹಗ್ಗ ಹಾಕಿ ಎತ್ತಿದರು. ಎತ್ತುವಾಗ ಒಂದು ತೋಳು ಗುಂಡಿಯಲ್ಲೇ ಉಳಿಯಿತು, ಅದನ್ನು ಗುದ್ದಲಿಯಿಂದ ಎಳೆದು ಹಾಕಿದರು. ಮೂಗಿಗೆ ಬಟ್ಟೆ ಕಟ್ಟಿಕೊಂಡವರೇ ವಾಂತಿ ಮಾಡಿದರು. ಸೌದೆ, ಹಳೆ ಟೈರು, ಸೀಮೆಎಣ್ಣೆ. ಮಗಳು ಆಗ ಅಳುತ್ತಿರಲಿಲ್ಲ. ದವಡೆ ಊದಿ ಬಾಯಿ ಮುಚ್ಚುತ್ತಿರಲಿಲ್ಲ. ಬಾಯಿಂದ ಸದ್ದಷ್ಟೇ ಹೊರಡುತ್ತಿತ್ತು. ಬೆಂಕಿ ಹತ್ತಿದಾಗ ಯಾರೋ ತಮಟೆ ಬಾರಿಸಿದರು.

ಪೊಲೀಸರು ಬಂದಾಗ ಬೂದಿ ಹೊಗೆಯಾಡುತ್ತಿತ್ತು. ನಾನು ನೋಡಿದವರ ಹೆಸರುಗಳನ್ನು ಒಂದೊಂದಾಗಿ ಬರೆಸಿದೆ. ಇಬ್ಬರನ್ನು ಕರೆದೊಯ್ದರು. ಯಜಮಾನರು ಅವತ್ತು ಊರಲ್ಲೇ ಇರಲಿಲ್ಲ ಎಂದು ಇಡೀ ಊರು ಹೇಳಿತು. ಕೋಟೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅದೇ ದಿನ ಹಿಂದಕ್ಕೆ ಬಂದೆ. ರಜೆ ಹಾಕಿ ಎಂದರು. ಎಂಟೂವರೆಗೆ ಬೇರೆ ಯಾರು ನೋಡುತ್ತಾರೆ?

ಐದನೆಯ ದಿನ ಬೆಳಗಿನ ಜಾವ ತಗಡಿನ ಮೇಲೆ ಸದ್ದಾಯಿತು. ಎದ್ದು ಕಿಟಕಿ ತೆಗೆದೆ. ಮಳೆ. ಕಾಲು ಗಂಟೆ ಬಂದು ನಿಂತಿತು. ಮಳೆಯನ್ನು ನಾನು ಯಾವತ್ತೂ ಬೈದಿರಲಿಲ್ಲ, ಅವತ್ತು ಬೈದೆ.

ಎಂಟೂವರೆಗೆ ನಾನು ಹಿಂದಿನ ಬಯಲಿಗೆ ಹೋದಾಗ ಬೇಲಿಯ ಸುತ್ತ ಊರೇ ನಿಂತಿತ್ತು. ಯಜಮಾನರು ಎಲ್ಲರಿಗಿಂತ ಮುಂದೆ, ಶುಭ್ರವಾದ ಪಂಚೆ ಉಟ್ಟು ನಿಂತಿದ್ದರು. ಮಗಳೂ ಬಂದಿದ್ದಳು. ಅವಳ ಸುತ್ತ ಮಾತ್ರ ಖಾಲಿ ಜಾಗ.

"ಅಳೀರಿ ನರ್ಸಮ್ಮ," ಎಂದರು ಯಜಮಾನರು. "ಜೋರಾಗಿ ಓದಿ. ಅವತ್ತು ಓದಿದ್ರಲ್ಲ, ಅಂಗೇ."

ಎಡಗೈಯಲ್ಲಿ ಬಾಟಲಿ ಎತ್ತಿದೆ. ಮಗಳು ಬೇಲಿಯೊಳಗೆ ನುಗ್ಗಿ ನನ್ನ ಪಕ್ಕಕ್ಕೆ ಬಂದಳು. ಮುರಿದ ದವಡೆಯಿಂದ ಮಾತು ತೊದಲಿ ಬಂತು. "ಸೊನ್ನೆ ಅಂತ ಬರ್ದ್ಬುಡಿ. ನಮ್ಮವ್ವನ್ನ ಸುಟ್ಟಿದ್ಕೇ ಮಳೆ ಬಂತು ಅಂತ ಅವ್ರು ಎದೆ ತಟ್ಕಬಾರ್ದು. ಕಾಲಿಗೆ ಬೀಳ್ತೀನಿ."

ಸೊನ್ನೆ ಬರೆಯುವುದು ಒಂದು ಕ್ಷಣದ ಕೆಲಸ. ನೀರನ್ನು ನೆಲಕ್ಕೆ ಚೆಲ್ಲಿದ್ದರೆ ಸಾಕಿತ್ತು. ಪ್ರಪಂಚದ ನಕ್ಷೆಯಲ್ಲಿ ನಮ್ಮ ಊರಿನ ಮೂರು ಮಿಲಿಮೀಟರ್ ಯಾರಿಗೆ ಕಾಣುತ್ತದೆ? ಆದರೆ ನನ್ನಿಂದ ಆಗಲಿಲ್ಲ. ಗಾಜಿಗೆ ಸುರಿದೆ, ಬಗ್ಗಿ ಓದಿದೆ, ಎಡಗೈಯಲ್ಲಿ ವಕ್ರವಾಗಿ ಬರೆದೆ. ಮೂರಕ್ಕೂ ಸ್ವಲ್ಪ ಕಡಿಮೆ. ದನಿ ಎತ್ತಿ ಓದಲಿಲ್ಲ. ಗಾಜನ್ನು ಮಗಳ ಕಣ್ಣಿನ ಮಟ್ಟಕ್ಕೆ ಹಿಡಿದು ತೋರಿಸಿದೆ. ತಳದಲ್ಲಿ ಮೂರು ಬೆರಳಷ್ಟು ನೀರು.

"ಇಷ್ಟೇಯಾ?" ಎಂದಳು.

"ಇಷ್ಟೇ ಕಣಮ್ಮ. ಇದರಿಂದ ಜೋಳದ ಬೇರೂ ನೆನೆಯುವುದಿಲ್ಲ."

ಅವಳು ಗಾಜನ್ನು ನನ್ನ ಕೈಯಿಂದ ತೆಗೆದುಕೊಂಡು ಬೇಲಿಯ ಬಳಿಗೆ ನಡೆದಳು. ಯಜಮಾನರು ನಗುತ್ತಾ ಕೈ ಚಾಚಿದರು. ತೀರ್ಥ ತೆಗೆದುಕೊಳ್ಳುವವರ ಹಾಗೆ ಅಂಗೈ ಗುಳಿ ಮಾಡಿದ್ದರು. "ಇಷ್ಟಕ್ಕಾ ನಮ್ಮವ್ವನ್ನ ಸುಟ್ಟದ್ದು?" ಎಂದು ಅವಳು ಗಾಜನ್ನು ನೀರಿನ ಸಮೇತ ಅವರ ಹಣೆಗೆ ಅಪ್ಪಳಿಸಿದಳು.

ಗಾಜು ಅವಳ ಮುಷ್ಟಿಯಲ್ಲೇ ಒಡೆಯಿತು. ಯಜಮಾನರ ಹುಬ್ಬು ಸೀಳಿ ರಕ್ತ ಮುಖಪೂರ್ತಿ ಇಳಿಯಿತು. ಅವರು ಕಣ್ಣು ಕಾಣದೆ ಮುಳ್ಳುತಂತಿ ಹಿಡಿದುಕೊಂಡರು. ಜನ ಬೇಲಿ ಹಾರಲು ಹೊರಟರು. ನಾನು ವಾರ್ಡಿನಲ್ಲಿ ಕೂಗುವ ದನಿಯಲ್ಲಿ ಕೂಗಿದೆ: "ಒಳಗೆ ಕಾಲಿಟ್ಟವರ ಹೆಸರು ಇದೇ ಪುಸ್ತಕದಲ್ಲಿ ಬರೆದು ಸ್ಟೇಷನ್ನಿಗೆ ಕಳಿಸ್ತೀನಿ. ಯಾರು ಮೊದಲು, ಬನ್ನಿ!" ಪೊಲೀಸರು ಊರಿನ ಇಬ್ಬರನ್ನು ಕರೆದೊಯ್ದು ಇನ್ನೂ ವಾರವಾಗಿರಲಿಲ್ಲ. ಯಾರೂ ಬರಲಿಲ್ಲ.

ಮಗಳನ್ನೂ ಯಜಮಾನರನ್ನೂ ಆಸ್ಪತ್ರೆಯ ಒಳಗೆ ಕರೆತಂದು ಬಾಗಿಲು ಹಾಕಿಸಿದೆ. ಅವಳ ಅಂಗೈಯಲ್ಲಿ ಗಾಜಿನ ಚೂರುಗಳಿದ್ದವು. ಯಜಮಾನರ ಗಾಯ ಅದಕ್ಕಿಂತ ದೊಡ್ಡದು. ರಕ್ತವೂ ಹೆಚ್ಚು ಹೋಗುತ್ತಿತ್ತು. ಹೆಚ್ಚು ರಕ್ತ ಹೋಗುವವರನ್ನು ಮೊದಲು ನೋಡಬೇಕು ಎನ್ನುವುದು ನನ್ನ ವೃತ್ತಿಯ ನಿಯಮ. ಆಯಾ ದಾರ ಪೋಣಿಸಿದ ಸೂಜಿ ಹಿಡಿದು ಅವರ ಕಡೆ ಹೊರಟಳು.

"ಆಮೇಲೆ," ಎಂದೆ. "ಒಂದು ಬಟ್ಟೆ ಕೊಡು, ಒತ್ತಿ ಹಿಡಿದುಕೊಂಡು ಕೂರಲಿ."

ಮಗಳನ್ನು ದೀಪದ ಕೆಳಗೆ ಕೂರಿಸಿ, ಎಡಗೈಯಲ್ಲಿ ಇಕ್ಕಳ ಹಿಡಿದು, ಚೂರುಗಳನ್ನು ಒಂದೊಂದಾಗಿ ತೆಗೆಯತೊಡಗಿದೆ. ಅಭ್ಯಾಸವಿಲ್ಲದ ಕೈ, ಬಹಳ ಹೊತ್ತು ಹಿಡಿಯಿತು. ಬೆಂಚಿನ ಮೇಲಿನಿಂದ ಯಜಮಾನರು ಎರಡು ಸಲ "ನರ್ಸಮ್ಮ" ಎಂದರು. ನಾನು ಅವಸರ ಮಾಡಲಿಲ್ಲ.